ಎಂವಿಎಸ್ಸಿ ಹುಡುಗ್ರನ್ನ ಮೂರು ವರ್ಷ ಆಸ್ಪತ್ರೆಲಿ ಇಟ್ಕೊಳ್ಳಿ: ಪಶುವೈದ್ಯ ಶಿಕ್ಷಣ ನಡೆಸೋರಿಗೆ ಒಂದು ಬಹಿರಂಗ ಪತ್ರ

ವೆಟರ್ನರಿ ಕೌನ್ಸಿಲ್ ಆಫ್ ಇಂಡಿಯಾದ ಸದಸ್ಯರಿಗೆ, ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಶಿಕ್ಷಣ ವಿಭಾಗದವರಿಗೆ, ಬೀದರ್‌ನ ನಮ್ಮ ವಿಶ್ವವಿದ್ಯಾಲಯದ ಕುಲಪತಿಗಳಿಗೆ, ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಕೂತಿರೋ ನನ್ನ ಗುರುಗಳಿಗೆ,

ನಮಸ್ಕಾರ. ನಾನು ಚನ್ನರಾಯಪಟ್ಟಣ ಕಡೆಯೋನು. ಮನೇಲಿ ಈಗ್ಲೂ ನಾಲ್ಕು ಹಸು ಇದಾವೆ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕೋದು ಅಮ್ಮನೇ. ಬಿವಿಎಸ್ಸಿ (ಪಶುವೈದ್ಯ ಡಿಗ್ರಿ) ಮುಗ್ಸಿ, ಮೆಡಿಸಿನ್‌ನಲ್ಲಿ ಎಂವಿಎಸ್ಸಿ (ಅದರ ಮೇಲಿನ ಮಾಸ್ಟರ್ಸ್) ಮಾಡಿ, ಸ್ವಲ್ಪ ದಿನ ಅಲ್ಲಿ ಇಲ್ಲಿ ಪ್ರಾಕ್ಟೀಸ್ ಮಾಡಿ, ಆಮೇಲೆ ಅಮೆರಿಕಕ್ಕೆ ಬಂದೆ. ಈಗ ಮಿಡ್‌ವೆಸ್ಟ್ ಕಡೆ ಒಂದು ಯೂನಿವರ್ಸಿಟಿಲಿ ದೊಡ್ಡ ಪ್ರಾಣಿಗಳ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಆಸ್ಪತ್ರೆಲೇ ಇದ್ದು ಸ್ಪೆಷಲಿಸ್ಟ್ ಆಗೋ ತರಬೇತಿ), ಅದರ ಜೊತೆಗೇ ರಿಸರ್ಚ್ ಮಾಸ್ಟರ್ಸ್, ಎರಡೂ ಒಟ್ಟಿಗೆ ಮಾಡ್ತಿದೀನಿ, ಇದು ಮೂರನೇ ವರ್ಷ. ಅಂದ್ರೆ ಮುಗಿಯೋ ಹೊತ್ತಿಗೆ ನನ್ನ ಹತ್ರ ಎರಡು ಮಾಸ್ಟರ್ಸ್ ಆಗುತ್ತೆ. ಅಮ್ಮ ಕೇಳ್ತಾಳೆ, ಒಂದನ್ನೇ ಯಾಕ್ಲಾ ಎರಡು ಸಲ ಓದ್ತೀಯ, ಅಲ್ಲಿ ಫೇಲ್ ಆಗಿದ್ದಾ ಅಂತ. ಫೋನಲ್ಲಿ ನಗಾಡ್ಕೊಂಡು ಸುಮ್ನಾಗ್ತೀನಿ. ಆದ್ರೆ ಆ ಪ್ರಶ್ನೆ ನನಗಿಂತ ನಿಮಗೆ ಕೇಳ್ಬೇಕಾಗಿದ್ದು, ಅದಕ್ಕೇ ಈ ಪತ್ರ.

ಹೋದ ಸಲ ರಜಕ್ಕೆ ಊರಿಗೆ ಬಂದಿದ್ದೆ. ಪಕ್ಕದ ಮನೆಯೋರು, ವರಸೇಲಿ ಚಿಕ್ಕಪ್ಪ ಆಗ್ಬೇಕು, ಬೆಳಿಗ್ಗೆನೇ ಬಂದು, ‘ಲೋ ಮಗ, ದೊಡ್ಡ ಡಾಕ್ಟ್ರಾಗಿದೀಯಂತೆ, ಬಂದು ಒಂಚೂರು ನೋಡು, ಕರ ಹಾಕಿ ಹದಿನೈದಿಪ್ಪತ್ತು ದಿನ ಆಯ್ತು, ಹಿಂಡಿ ಮೂಸೂ ನೋಡಲ್ಲ, ಹುಲ್ಲು ಒಂಚೂರು ಆಡಿಸ್ತೈತೆ, ಹಾಲು ಅರ್ಧಕ್ಕೆ ಇಳಿದೈತೆ’ ಅಂದ್ರು. ಎಚ್‌ಎಫ್ ಕ್ರಾಸು, ಎರಡನೇ ಸೂಲು. ಅಷ್ಟೊತ್ತಿಗಾಗ್ಲೇ ಕ್ಯಾಲ್ಸಿಯಂ ಬಾಟ್ಲಿ ಏರಿಸಿದ್ರು, ಲಿವರ್ ಟಾನಿಕ್ ಕುಡಿಸಿದ್ರು, ಜಂತು ಮಾತ್ರೆ ಹಾಕಿದ್ರು, ಬಿ ಕಾಂಪ್ಲೆಕ್ಸ್ ಚುಚ್ಚಿದ್ರು. ನಾನು ಎಡಗಡೆ ಕೊನೆಯ ಪಕ್ಕೆಲುಬುಗಳ ಮೇಲೆ ಸ್ಟೆಥಾಸ್ಕೋಪ್ ಇಟ್ಟು ಪಕ್ಕದಲ್ಲೇ ಬೆರಳಲ್ಲಿ ಚಿಮ್ಮಿದೆ. ಖಾಲಿ ಸ್ಟೀಲ್ ಬಿಂದಿಗೆಗೆ ಉಗುರಲ್ಲಿ ಹೊಡೆದಂಗೆ ಟಿಣ್ ಅಂತು. ಇನ್ನೊಂದು ಸಲ ಚಿಮ್ಮಿದೆ, ಟಿಣ್. ಚಿಕ್ಕಪ್ಪನ ಕಿವಿಗೂ ಇಟ್ಟು ಕೇಳಿಸಿದೆ, ‘ಅಯ್ಯೋ ಇದೇನ್ಲಾ ಗಂಟೆ’ ಅಂದ್ರು.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಹಸುವಿನ ನಾಲ್ಕು ಹೊಟ್ಟೇಲಿ ಕೊನೇದು ಅಬೊಮೇಸಮ್, ನಮ್ಮ ಹೊಟ್ಟೆ ಥರ ಆಸಿಡ್ ಇರೋದು ಅದರಲ್ಲೇ, ಅದು ಕೆಳಗೆ ಸ್ವಲ್ಪ ಬಲಕ್ಕೆ ಇರ್ಬೇಕು. ಕರು ಹಾಕಿದ ಮೇಲೆ ಹೊಟ್ಟೇಲಿ ಜಾಗ ಖಾಲಿ ಆಗಿರುತ್ತೆ, ಹಸು ಸರಿಯಾಗಿ ತಿಂದಿರಲ್ಲ, ಕ್ಯಾಲ್ಸಿಯಂ ಕಮ್ಮಿ ಆಗಿ ಹೊಟ್ಟೆಯ ಆಟ ನಿಂತಿರುತ್ತೆ, ಆಗ ಅದರಲ್ಲಿ ಗ್ಯಾಸ್ ತುಂಬ್ಕೊಂಡು ಬಲೂನ್ ಥರ ತೇಲಿ ಎಡಗಡೆ ಬಂದು, ದೊಡ್ಡ ಹೊಟ್ಟೆಗೂ ಪಕ್ಕೆಗೂ ಮಧ್ಯ ಸಿಕ್ಕಾಕ್ಕೊಳ್ಳುತ್ತೆ. ಟಾನಿಕ್‌ಗೆ ಹೋಗೋ ಕಾಯಿಲೆ ಅಲ್ಲ ಇದು. ಹಸುನ ಕೆಡವಿ ಉರುಳಿಸಿದ್ರೆ ಸರಿ ಹೋಗ್ಬಹುದು ಆದ್ರೆ ಬಹಳ ಸಲ ವಾಪಸ್ ಬರುತ್ತೆ, ಗಟ್ಟಿ ದಾರಿ ಅಂದ್ರೆ ಆಪರೇಶನ್ ಮಾಡಿ ಹೊಲಿದು ಕೂರಿಸೋದು.

ಎಂವಿಎಸ್ಸಿ ಪರೀಕ್ಷೇಲಿ ಈ ಶಬ್ದದ ಬಗ್ಗೆ ನಾನು ಚಿತ್ರ ಸಮೇತ ಹತ್ತು ಮಾರ್ಕ್ಸಿಗೆ ಬರೆದಿದ್ದೆ. ಕಿವಿಯಾರೆ ಕೇಳಿದ್ದು ಮಾತ್ರ ಅಮೆರಿಕಕ್ಕೆ ಬಂದು ಎರಡನೇ ವಾರದಲ್ಲಿ.

ಚಿಕ್ಕಪ್ಪನ ಹಸು ಏನಾಯ್ತು ಅಂದ್ರೆ, ಫೋನ್ ಮಾಡಿ ಮಾಡಿ ಸಾಕಾಯ್ತು. ಆಪರೇಶನ್ ಮಾಡ್ತೀನಿ ಅಂತ ಹತ್ತಿರದಲ್ಲಿ ಯಾರೂ ಸಿಗ್ಲಿಲ್ಲ, ದೊಡ್ಡ ಆಸ್ಪತ್ರೆಗೆ ಟಾಟಾ ಏಸ್‌ನಲ್ಲಿ ಹತ್ತಿಸ್ಕೊಂಡು ಹೋಗೋಕೆ ಚಿಕ್ಕಪ್ಪ ಒಪ್ಲಿಲ್ಲ, ನಾನು ಬರಿಗೈಲಿ ಬಂದೋನು, ಟೆಕ್ನಿಕ್ ಗೊತ್ತಿದ್ರೂ ಸಾಮಾನಿಲ್ಲ ಜೊತೆಗಾರರಿಲ್ಲ. ನಾಲ್ಕು ಜನ ಹಿಡ್ಕೊಂಡು ಹಗ್ಗ ಹಾಕಿ ಕೆಡವಿ ಉರುಳಿಸಿದ್ವಿ. ಸಂಜೆ ಹಿಂಡಿ ತಿಂತು, ಊರೆಲ್ಲಾ ನನ್ನ ಹೊಗಳ್ತು. ನಾಲ್ಕನೇ ದಿನ ಮತ್ತೆ ಟಿಣ್. ನಾನು ವಾಪಸ್ ಬಂದ ಮೇಲೆ ಆ ಹಸುನ ಮಾರಿದ್ರಂತೆ, ಯಾರಿಗೆ ಅಂತ ನಾನು ಕೇಳೋಕೆ ಹೋಗ್ಲಿಲ್ಲ.

ಇದರಲ್ಲಿ ನಮ್ಮೂರ ಪಶು ಆಸ್ಪತ್ರೆ ಡಾಕ್ಟ್ರ ತಪ್ಪು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ಓದ್ಬೇಡಿ. ಆಯಪ್ಪಂಗೆ ಕಾಲುಬಾಯಿ ಲಸಿಕೆ, ಕಿವಿ ಓಲೆ, ಇನ್ಶೂರೆನ್ಸ್ ಪೋಸ್ಟ್‌ಮಾರ್ಟಂ, ಗಣತಿ, ಮೀಟಿಂಗು, ಇದರ ಮಧ್ಯ ಹಳ್ಳಿ ಹಳ್ಳಿ ಸುತ್ತೋದು. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ದನಗಳೇ ಸುಮಾರು 85 ಲಕ್ಷ, ಎಮ್ಮೆ 30 ಲಕ್ಷದ ಹತ್ತಿರ, ಕುರಿ 1 ಕೋಟಿ 10 ಲಕ್ಷ. 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಬರುತ್ತೆ, ಒಳ್ಳೇದೇ. ಆದ್ರೆ ಗಾಡಿಲಿ ಬಂದ ಡಾಕ್ಟ್ರು ಕೈಲಾಗ್ದೇ ಇದ್ದಾಗ ಮುಂದಕ್ಕೆ ಯಾರಿಗೆ ಕಳಿಸ್ಬೇಕು? ಮನುಷ್ಯರಿಗಾದ್ರೆ ಪಿಎಚ್‌ಸಿ, ತಾಲ್ಲೂಕು, ಜಿಲ್ಲೆ, ಅಲ್ಲಿಂದ ಮೆಡಿಕಲ್ ಕಾಲೇಜು ಅಂತ ಒಂದು ಏಣಿ ಇದೆ. ನಮ್ಮ ಏಣಿಯ ಮೇಲಿನ ಮೆಟ್ಲಲ್ಲಿ ನಿಂತಿರ್ಬೇಕಾದೋನು ಸ್ಪೆಷಲಿಸ್ಟ್. ಅವನನ್ನ ತಯಾರು ಮಾಡೋ ಕೋರ್ಸ್ ನಮ್ಮಲ್ಲಿ ಇದೆಯಾ? ಹೆಸರಿಗೆ ಇದೆ, ಎಂವಿಎಸ್ಸಿ ಅಂತ.

ನನ್ನ ಎಂವಿಎಸ್ಸಿ ಹೆಂಗಿತ್ತು ಹೇಳ್ತೀನಿ, ಕಾಲೇಜು ಹೆಸರು ಬೇಡ, ಎಲ್ಲಾ ಕಡೆ ಹೆಚ್ಚೂ ಕಮ್ಮಿ ಇದೇ ಕಥೆ ಅಂತ ಬೇರೆ ರಾಜ್ಯದ ಗೆಳೆಯರೂ ಹೇಳ್ತಾರೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೊದಲನೇ ವರ್ಷ ಪೂರ್ತಿ ಕೋರ್ಸ್‌ವರ್ಕ್, ಮೇಜರ್ ಮೈನರ್ ಸಪೋರ್ಟಿಂಗ್, ಸೆಮಿನಾರು, ಅಸೈನ್‌ಮೆಂಟು. ಈಗಿನ ಐಸಿಎಆರ್ ಸಿಲೆಬಸ್‌ನಲ್ಲಿ ಒಟ್ಟು 70 ಕ್ರೆಡಿಟ್, ಅದರಲ್ಲಿ 30 ಥೀಸಿಸ್‌ಗೆ. ಕ್ಲಿನಿಕ್‌ಗೆ ಹೋಗ್ತಿದ್ವಿ, ಇಲ್ಲ ಅಂತ ಹೇಳಲ್ಲ, ಆದ್ರೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರೋದು, ಇವತ್ತು ನೋಡಿದ ಹಸು ನಾಳೆ ಏನಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ನಾಳೆ ಅದು ಬರ್ತಿರ್ಲಿಲ್ಲ, ಅಥವಾ ಬಂದಾಗ ನಾನು ಕ್ಲಾಸಲ್ಲಿ ಇರ್ತಿದ್ದೆ. ಆ ಕೇಸು ನಂದು ಅಂತ ಯಾವತ್ತೂ ಅನ್ನಿಸ್ಲೇ ಇಲ್ಲ. ರಾತ್ರಿ ಬಂದ ಕೇಸನ್ನ ಇಂಟರ್ನಿ ಹುಡುಗ್ರು ನೋಡ್ಕೊಳ್ತಿದ್ರು, ಅವರಿಗೆ ಹೇಳ್ಕೊಡ್ಬೇಕಾದೋನು ನಾನು, ನಾನು ಹಾಸ್ಟೆಲಲ್ಲಿ ರೆಫರೆನ್ಸ್ ಟೈಪ್ ಮಾಡ್ತಿದ್ದೆ.

ಥೀಸಿಸ್ ಕಥೆ ನಿಮಗೆಲ್ಲಾ ಗೊತ್ತಿದೆ ಸಾರ್, ಗೊತ್ತಿಲ್ಲ ಅನ್ಬೇಡಿ. ಗ್ರೂಪ್ ಒಂದು, ಗ್ರೂಪ್ ಎರಡು, ತಲಾ ಆರು ಪ್ರಾಣಿ. ಯಾಕೆ ಆರು? ಸೀನಿಯರ್ ಆರು ಮಾಡಿದ್ದ, ಅವನ ಸೀನಿಯರ್ರೂ ಆರು. ಸೊನ್ನೆ ದಿನ, ಮೂರನೇ ದಿನ, ಏಳನೇ ದಿನ ರಕ್ತ ತೆಗಿ, ಟೇಬಲ್ ಹಾಕು, ‘ಸಿಗ್ನಿಫಿಕೆಂಟ್’ ಅಂತ ಮೇಲೆ ಒಂದು ಎ ಬಿ ಸಿ ಹಾಕು, ಬೈಂಡ್ ಮಾಡಿಸು, ನೀಲಿ ರಟ್ಟು ಚಿನ್ನದ ಅಕ್ಷರ. ನನ್ನ ಥೀಸಿಸ್ ವಿಷಯ ನಾನು ಆರಿಸಿದ್ದಲ್ಲ, ಯಾವ ಹಸುನೂ ನನ್ನನ್ನ ಆ ಪ್ರಶ್ನೆ ಕೇಳಿರ್ಲಿಲ್ಲ. ನನ್ನ ಜೂನಿಯರ್ ಒಬ್ಬಂಗೆ ಇನ್ನೂ ಮಜಾ, 2022ರಲ್ಲಿ ಗಂಟು ರೋಗ ಬಂದು ಎಲ್ಲಿ ನೋಡಿದ್ರೂ ಮೈತುಂಬ ಗಂಟು ಬಿದ್ದ ದನಗಳು, ಕಣ್ಣೆದುರಿಗೆ ಕೇಸೋ ಕೇಸು, ಅವನು ಮಾತ್ರ ಸಿನಾಪ್ಸಿಸ್ (ಥೀಸಿಸ್ ಯೋಜನೆ) ಆಗ್ಲೇ ಪಾಸಾಗಿದೆ ಬದಲಾಯಿಸೋಕೆ ಬರಲ್ಲ ಅಂತ ಬೇರೆ ಯಾವುದೋ ಕಾಯಿಲೆಗೆ ಆರನೇ ಹಸು ಹುಡುಕ್ಕೊಂಡು ಅಲೀತಿದ್ದ.

ಈಗ ಇಲ್ಲಿ ಹೆಂಗೆ ಅಂತ. ಪಶುವೈದ್ಯ ಡಿಗ್ರಿ ಆದ್ಮೇಲೆ ಒಂದು ವರ್ಷ ಇಂಟರ್ನ್‌ಶಿಪ್ (ನಮ್ಮ ಇಂಟರ್ನಿ ಡಿಗ್ರಿ ಒಳಗೇ ಬರುತ್ತೆ, ಇದು ಡಿಗ್ರಿ ಆದ್ಮೇಲೆ), ಆಮೇಲೆ ಸಾಮಾನ್ಯವಾಗಿ ಮೂರು ವರ್ಷ ರೆಸಿಡೆನ್ಸಿ. ಸೀಟು ಸಿಗೋದು ಮ್ಯಾಚ್ ಅನ್ನೋ ಒಂದು ವ್ಯವಸ್ಥೆಲಿ, ನೀವು ಆಸ್ಪತ್ರೆಗಳನ್ನ ನಂಬರ್ ಹಾಕಿ ಬರೀತೀರ, ಅವರು ನಿಮ್ಮನ್ನ ನಂಬರ್ ಹಾಕ್ತಾರೆ, ಕಂಪ್ಯೂಟರ್ ಜಾತಕ ಕೂಡಿಸುತ್ತೆ. ರೆಸಿಡೆಂಟ್ ಅನ್ನೋ ಪದನೇ ಆಸ್ಪತ್ರೆಲೇ ಬಿಡಾರ ಮಾಡ್ಕೊಂಡಿರೋನು ಅಂತ. ಕೇಸು ಒಳಗೆ ಬಂದಾಗಿಂದ ಹೊರಗೆ ಹೋಗೋತನಕ ಅದು ನಿಂದು, ಮಾಲೀಕನ ಜೊತೆ ಮಾತಾಡೋದು ನೀನು, ರಾತ್ರಿ ಎರಡು ಗಂಟೆಗೆ ಫೋನ್ ಬಂದ್ರೆ ಎದ್ದು ಹೋಗೋದು ನೀನು, ಆದ್ರೆ ನಿನ್ನ ಹಿಂದೆ ಬೋರ್ಡ್ ಪಾಸಾಗಿರೋ ಒಬ್ಬ ಸ್ಪೆಷಲಿಸ್ಟ್ ಇದ್ದೇ ಇರ್ತಾರೆ, ಬೆಳಿಗ್ಗೆ ರೌಂಡ್ಸ್‌ನಲ್ಲಿ ನಿನ್ನ ಪ್ರತಿ ನಿರ್ಧಾರನೂ ಕೆದಕ್ತಾರೆ. ನೋಡಿದ ಕೇಸೆಲ್ಲಾ ಲಾಗ್‌ನಲ್ಲಿ ಬರೀಬೇಕು. ಕೊನೇಲಿ ಬೋರ್ಡ್ ಪರೀಕ್ಷೆ. ಅದು ಪಾಸಾದ್ರೆ ಮಾತ್ರ ಸ್ಪೆಷಲಿಸ್ಟ್ ಅಂತ ಹಾಕ್ಕೋಬಹುದು.

ಇದನ್ನೆಲ್ಲಾ ಸರ್ಕಾರ ಮೇಲಿಂದ ಇಳಿಸಿದ್ದಲ್ಲ, ಅದು ನನಗೆ ತುಂಬಾ ಹಿಡಿಸಿದ ವಿಷಯ. ಪೆಥಾಲಜಿಸ್ಟ್‌ಗಳು 1949ರಲ್ಲಿ ಸೇರ್ಕೊಂಡು ತಮ್ಮದೇ ಒಂದು ಕಾಲೇಜು ಕಟ್ಟಿದ್ರು, ಕಾಲೇಜು ಅಂದ್ರೆ ಬಿಲ್ಡಿಂಗ್ ಅಲ್ಲ, ಪರೀಕ್ಷೆ ನಡೆಸೋ ಸಂಘ. ಸರ್ಜನ್‌ಗಳದ್ದು 1965ರಲ್ಲಿ ಬಂತು, ಮೆಡಿಸಿನ್‌ನೋರದ್ದು 1970ರ ದಶಕದಲ್ಲಿ. ಈಗ ಇಲ್ಲಿ ಮಾನ್ಯತೆ ಇರೋ ಇಂಥ ಸಂಸ್ಥೆ 22, ಅವುಗಳ ಕೆಳಗೆ 40ಕ್ಕೂ ಹೆಚ್ಚು ಸ್ಪೆಷಾಲಿಟಿ. ಯುರೋಪಲ್ಲೂ 1996ರಿಂದ ಹೀಗೇ ಒಂದು ಬೋರ್ಡ್ ಇದೆ. ನಮ್ಮಲ್ಲೂ ಪೆಥಾಲಜಿಯೋರು ಇಂಡಿಯನ್ ಕಾಲೇಜ್ ಆಫ್ ವೆಟರ್ನರಿ ಪೆಥಾಲಜಿಸ್ಟ್ಸ್ ಅಂತ ಮಾಡ್ಕೊಂಡು ಡಿಪ್ಲೊಮೇಟ್ (ಸ್ಪೆಷಲಿಸ್ಟ್ ಪಟ್ಟದ) ಪರೀಕ್ಷೆ ನಡೆಸ್ತಿದಾರೆ, ಅಂದ್ರೆ ಆಗಲ್ಲ ಅನ್ನೋ ಹಾಗಿಲ್ಲ. ಸತ್ತ ಪ್ರಾಣಿ ಕುಯ್ಯೋರು ಮಾಡಿರೋದನ್ನ ಬದುಕಿರೋ ಪ್ರಾಣಿ ನೋಡೋ ನಾವು ಯಾಕೆ ಮಾಡ್ಲಿಲ್ಲ ಅಂತ ನನ್ನ ಪೆಥಾಲಜಿ ಗೆಳೆಯ ಕಿಚಾಯಿಸ್ತಾನೆ.

ಇನ್ನು ಮಾಸ್ಟರ್ಸ್ ವಿಚಾರ. ಬರೀ ರೆಸಿಡೆನ್ಸಿ ಮಾಡೋ ಕಡೆನೂ ಇದಾವೆ, ಒಹಾಯೊ ಸ್ಟೇಟ್ ಥರ ಅದರ ಜೊತೆ ಮಾಸ್ಟರ್ಸ್ ಸೇರಿಸಿರೋ ಕಡೆನೂ ಇದಾವೆ, ಕೆನಡಾದ ಗ್ವೆಲ್ಫ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ಲಿನಿಕಲ್ ತರಬೇತಿ, ಥೀಸಿಸ್ ಎರಡೂ ಸೇರಿದ ಡಿವಿಎಸ್ಸಿ ಅಂತ ಡಾಕ್ಟರೇಟೇ ಕೊಡ್ತಾರೆ. ಮೊದ್ಲು ನನಗೂ ಇದು ಕತ್ತೆ ಮೇಲೆ ಇನ್ನೊಂದು ಮೂಟೆ ಅನ್ನಿಸಿತ್ತು. ಕ್ಲಿನಿಕ್ಕೇ ಸಾಯಿಸ್ತಿದೆ, ಅದರ ಮೇಲೆ ಸ್ಟ್ಯಾಟಿಸ್ಟಿಕ್ಸ್ ಕ್ಲಾಸು, ಎಪಿಡೆಮಿಯಾಲಜಿ, ಥೀಸಿಸ್ಸು. ಅಭಿಪ್ರಾಯ ಬದಲಾಗಿದ್ದು ಎರಡನೇ ವರ್ಷದಲ್ಲಿ.

ಕೀಟೋಸಿಸ್ ಕೇಸುಗಳು ಸಾಲಾಗಿ ಬರ್ತಿದ್ವು. ಕರು ಹಾಕಿದ ಹಸು ಹಾಲಿಗೆ ಬೇಕಾದಷ್ಟು ತಿನ್ನಕ್ಕಾಗ್ದೇ ಮೈ ಕೊಬ್ಬು ಕರಗಿಸ್ಕೊಳ್ಳುತ್ತೆ, ರಕ್ತದಲ್ಲಿ ಕೀಟೋನ್ ಏರುತ್ತೆ, ಅಲ್ಲಿಂದ ಅಬೊಮೇಸಮ್ ಸರಿಯೋದಕ್ಕೆ ಒಂದೇ ಹೆಜ್ಜೆ. ರಕ್ತದಲ್ಲಿ ಬಿಎಚ್‌ಬಿ ಅನ್ನೋ ಕೀಟೋನ್ ಲೀಟರಿಗೆ 1.2 ಮಿಲಿಮೋಲ್ ದಾಟಿದ್ರೆ ಹುಷಾರಾಗಿರು ಅಂತ ಎಲ್ಲಾ ಪುಸ್ತಕದಲ್ಲೂ ಇದೆ, ಕೊಟ್ಟಿಗೆಲೇ ಒಂದು ತೊಟ್ಟು ರಕ್ತ ಸ್ಟ್ರಿಪ್‌ಗೆ ಹಾಕಿ ಸಕ್ಕರೆ ಕಾಯಿಲೆ ಮೀಟರ್ ಥರದ್ರಲ್ಲೇ ನೋಡ್ಬಹುದು. ಒಂದಿನ ನಮ್ಮ ಮೇಡಂ ರೌಂಡ್ಸ್‌ನಲ್ಲಿ ಸುಮ್ನೆ ಕೇಳಿದ್ರು, ನಿಮ್ಮೂರ ಹಸುಗೂ 1.2 ಸರಿನಾ ಅಂತ. ನನಗೆ ಬಾಯಿ ಕಟ್ತು. ಆ ಅಂಕಿ ಬಂದಿದ್ದು ಮೂವತ್ತು ನಲವತ್ತು ಲೀಟರ್ ಕೊಡೋ, ಮೆಕ್ಕೆಜೋಳದ ಸೈಲೇಜ್ ತಿನ್ನೋ ಹೋಲ್‌ಸ್ಟೈನ್‌ಗಳಿಂದ. ನಮ್ಮಮ್ಮನ ಹಸು ಹನ್ನೆರಡು ಲೀಟರ್ ಕೊಡುತ್ತೆ, ರಾಗಿ ಹುಲ್ಲು, ಒಂದು ಹೊರೆ ನೇಪಿಯರ್, ಎರಡು ಸೇರು ಹಿಂಡಿ ಬೂಸ ತಿನ್ನುತ್ತೆ. ಅದಕ್ಕೆ ಎಷ್ಟು ದಾಟಿದ್ರೆ ಅಪಾಯ? ಇದು ಥೀಸಿಸ್ ಪ್ರಶ್ನೆ. ಆರಾರು ಹಸುಲಿ ಉತ್ತರ ಸಿಗಲ್ಲ, ಹಾಸನ ಮಂಡ್ಯ ಕೋಲಾರದ ಕಡೆ ನೂರಾರು ಹಸುನ ಕರು ಹಾಕಿದ ಮೊದಲ ಮೂರು ವಾರ ಹಿಂದೆ ಬಿದ್ದು ನೋಡ್ಬೇಕು, ಯಾವುದು ತಿನ್ನೋದು ಬಿಡ್ತು, ಯಾವುದಕ್ಕೆ ಕಸ (ಮಾಸು) ಬೀಳ್ಲಿಲ್ಲ, ಯಾವುದು ಟಿಣ್ ಅಂತು, ಎಲ್ಲಾ ಬರ್ಕೋಬೇಕು. ಅದನ್ನ ಮಾಡೋಕೆ ಆಗೋದು ಅದೇ ಕಾಯಿಲೆನ ದಿನಾ ಕೈಯಾರೆ ನೋಡೋ, ಮೂರು ವರ್ಷ ಅಲ್ಲೇ ಇರೋ ಒಬ್ಬನಿಗೆ. ಎರಡು ಸೆಮಿಸ್ಟರ್ ಥೀಸಿಸ್ ಹುಡುಗನಿಗೆ ಆಗಲ್ಲ, ಬರೀ ಲ್ಯಾಬಲ್ಲಿ ಕೂತಿರೋ ಪಿಎಚ್‌ಡಿಯೋನಿಗೂ ಆಗಲ್ಲ.

ನಾನು ಹೇಳೋಕೆ ಹೊರಟಿರೋದು ಇಷ್ಟೇ. ಆಸ್ಪತ್ರೆ ಕೆಲಸ ಬೇರೆ, ರಿಸರ್ಚ್ ಬೇರೆ ಅಂತ ಎರಡು ಗೂಟಕ್ಕೆ ಕಟ್ಟಿರೋದ್ರಿಂದ ಎರಡೂ ಸೊರಗಿವೆ, ಒಂದೇ ಮನುಷ್ಯನ ಕೈಗೆ, ಒಂದೇ ಮೂರು ವರ್ಷದಲ್ಲಿ ಎರಡನ್ನೂ ಕೊಡಿ.

ಹೊಸದೇನೂ ಅಲ್ಲ ಸ್ವಾಮಿ. ನಮ್ಮ ದೇಶದ ಎಂಡಿ ಎಂಎಸ್ ಹುಡುಗ್ರನ್ನ ನೋಡಿ. ಮೂರು ವರ್ಷ, ಅವರನ್ನ ಕರೆಯೋದೇ ರೆಸಿಡೆಂಟ್ ಅಂತ, ವಾರ್ಡು ಅವರದ್ದೇ, ಲಾಗ್‌ಬುಕ್ ಬರೀತಾರೆ, ಥೀಸಿಸ್ಸೂ ಮಾಡ್ತಾರೆ, ಸ್ಟೈಪೆಂಡೂ ಬರುತ್ತೆ, ಈಚೆಗೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಲಿ ಕೆಲಸ ಮಾಡ್ಲೇಬೇಕು ಅಂತನೂ ಮಾಡಿದಾರೆ. ಅವರ ಥೀಸಿಸ್ಸೆಲ್ಲಾ ಬಂಗಾರ ಅಂತ ನಾನು ಹೇಳ್ತಿಲ್ಲ, ಅಲ್ಲೂ ಬೈಂಡಿಂಗ್ ಅಂಗಡಿಗಳು ಚೆನ್ನಾಗೇ ನಡೀತವೆ. ಆದ್ರೆ ಮೂರು ವರ್ಷ ಆದ್ಮೇಲೆ ಗೈನಕಾಲಜಿ ಓದಿದ ಹುಡುಗಿಗೆ ಸಿಸೇರಿಯನ್ ಮಾಡೋಕೆ ಬರುತ್ತೆ. ನಮ್ಮಲ್ಲಿ ಗೈನಕಾಲಜಿ ಎಂವಿಎಸ್ಸಿ ಆದೋನು ಹಸುಗೆ ಸ್ವತಂತ್ರವಾಗಿ ಎಷ್ಟು ಸಿಸೇರಿಯನ್ ಮಾಡಿದಾನೆ ಅಂತ ಯಾರೂ ಕೇಳಲ್ಲ, ಮಾರ್ಕ್ಸ್ ಕಾರ್ಡಲ್ಲಿ ಅದಕ್ಕೆ ಕಾಲಂ ಇಲ್ಲ.

ಅಮೆರಿಕದ್ದನ್ನ ಹಂಗಂಗೇ ಇಳಿಸ್ಕೊಳ್ಳಿ ಅಂತ ಖಂಡಿತ ಹೇಳಲ್ಲ, ಯಾಕಂದ್ರೆ ಒಳಗಿದ್ದು ನೋಡ್ತಿದೀನಿ. ರೆಸಿಡೆಂಟ್ ಅಂದ್ರೆ ಅಗ್ಗದ ಕೂಲಿ ಅಂತ ತಿಳ್ಕೊಂಡಿರೋ ಆಸ್ಪತ್ರೆಗಳು ಇಲ್ಲೂ ಇದಾವೆ. ವಾರಗಟ್ಲೆ ನಿದ್ದೆ ಇಲ್ದೇ ಓಡಾಡಿ, ಮೈ ಮನಸ್ಸು ಎರಡೂ ಕೆಟ್ಟು ಅರ್ಧಕ್ಕೆ ಬಿಟ್ಟು ಹೋದೋರು ನನಗೆ ಗೊತ್ತು. ರೆಸಿಡೆನ್ಸಿ ಮುಗಿದು ಕೆಲಸಕ್ಕೆ ಸೇರಿದ ಮೇಲೂ ಥೀಸಿಸ್ ಬಾಲ ಹಿಡ್ಕೊಂಡು ಎಳಿತಿರೋರೂ ಇದಾರೆ. ನಾನು ಉಳ್ಕೊಂಡಿದ್ದು ಒಂದೇ ಕಾರಣಕ್ಕೆ, ನನ್ನ ಪ್ರೋಗ್ರಾಮಲ್ಲಿ ಇಂತಿಂಥ ವಾರ ಕ್ಲಿನಿಕ್ ಇಲ್ಲ, ರಿಸರ್ಚ್ ಮಾತ್ರ ಅಂತ ವರ್ಷದ ಶುರುಲೇ ಬರೆದು ಕೊಟ್ಬಿಡ್ತಾರೆ, ಆ ವಾರ ಆಸ್ಪತ್ರೆ ಹೊತ್ತಿ ಉರಿದ್ರೂ ನನ್ನ ಕರೆಯೋ ಹಾಗಿಲ್ಲ. ಸಿಲೆಬಸ್ ಬರೆಯೋವಾಗ ನೀವು ಬೇರೆ ಏನು ಮರೆತ್ರೂ ಇದನ್ನ ಮರೀಬೇಡಿ, ಆ ವಾರಗಳಿಗೆ ಕಾವಲು ಹಾಕಿ. ಇಲ್ದಿದ್ರೆ ಹುಡುಗ್ರ ಹೆಗಲಿಗೆ ರೆಸಿಡೆನ್ಸಿ ಅನ್ನೋ ಹೆಸರಲ್ಲಿ ಮೂರು ವರ್ಷದ ನೈಟ್ ಡ್ಯೂಟಿ ಬೀಳುತ್ತೆ, ಥೀಸಿಸ್ ಮತ್ತೆ ಆರಕ್ಕೆ ಆರು.

ಇನ್ನೊಂದು, ರೆಕಾರ್ಡು. ಇಲ್ಲಿ ಬಂದ ಹೊಸದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಎಂಆರ್‌ಐ ಮೆಷಿನ್ ನೋಡಿ ಅಲ್ಲ, ಹಳೇ ಕೇಸ್ ಶೀಟ್ ನೋಡಿ. ಉತ್ತರ ಅಮೆರಿಕದ ವೆಟರ್ನರಿ ಕಾಲೇಜುಗಳ ಆಸ್ಪತ್ರೆ ದಾಖಲೆಗಳನ್ನ ಒಂದೇ ಕಡೆ ಸೇರ್ಸೋ ಕೆಲಸ 1964ರಲ್ಲೇ ಶುರುವಾಗಿದೆ. ಹಂಗಾಗಿ ಒಬ್ಬ ರೆಸಿಡೆಂಟ್ ಹಿಂದಿನ ಇಪ್ಪತ್ತು ವರ್ಷದಲ್ಲಿ ಈ ಕಾಯಿಲೆ ಎಷ್ಟು ಬಂದಿದೆ, ಎಷ್ಟು ಬದುಕಿದಾವೆ ಅಂತ ಹುಡುಕಿ ಒಂದು ಪೇಪರ್ ಬರೀಬಹುದು. ಹೆಬ್ಬಾಳದ ಕಾಲೇಜು ಶುರುವಾಗಿದ್ದು 1958ರಲ್ಲಿ. ಅಷ್ಟು ವರ್ಷದ ಹಸು ಎಮ್ಮೆ ನಾಯಿ ಕೇಸುಗಳು ಒಂದು ಗುಂಡಿ ಒತ್ತಿದ್ರೆ ಸಿಗೋ ಹಾಗಿದ್ರೆ ಅದು ಎಂಥಾ ಆಸ್ತಿ ಆಗ್ತಿತ್ತು ಯೋಚನೆ ಮಾಡಿ. ಹೋದದ್ದು ಹೋಯ್ತು, ಇವತ್ತಿನ ಕೇಸಿನಿಂದ ಶುರು ಮಾಡ್ಬಹುದಲ್ಲ, ಅದಕ್ಕೆ ಬೇಕಾಗಿರೋದು ಕೇಸ್ ಶೀಟ್‌ನ ಕೊನೇತನಕ ತುಂಬಿಸೋ ಒಬ್ಬ ರೆಸಿಡೆಂಟ್, ಮತ್ತೆ ಏಳು ದಿನ ಆದ್ಮೇಲೆ ರೈತರಿಗೆ ಒಂದು ಫೋನ್.

ನೀವು ಏನು ಹೇಳ್ತೀರ ಅಂತ ಸ್ವಲ್ಪ ಗೊತ್ತು. ಕಲಿಸೋರೇ ರೆಸಿಡೆನ್ಸಿ ಮಾಡಿಲ್ವಲ್ಲ, ಯಾರು ತರಬೇತಿ ಕೊಡೋದು ಅಂತೀರ. ಇಲ್ಲಿನ ಸರ್ಜನ್‌ಗಳ ಕಾಲೇಜಿಗೆ ಮೊದಮೊದಲು ಸೇರಿದೋರೂ ಯಾವ ರೆಸಿಡೆನ್ಸಿನೂ ಮಾಡಿರ್ಲಿಲ್ಲ, ಕೈಗುಣ ಇರೋ, ಹತ್ತಾರು ವರ್ಷ ಕೆಲಸ ಮಾಡಿರೋ ಹಿರಿಯರನ್ನ ಸಂಸ್ಥಾಪಕರು ಅಂತ ತಗೊಂಡು ಶುರು ಮಾಡಿದ್ರು. ಗೇಟ್ ಹಾಕಿದ್ದು ಅವರ ನಂತರ ಬಂದೋರಿಗೆ. ನಮ್ಮಲ್ಲಿ ಅಂಥ ಹಿರಿಯರು ಇಲ್ವಾ? ಕತ್ತಲೆ ಕೊಟ್ಟಿಗೇಲಿ ಟಾರ್ಚ್ ಬೆಳಕಲ್ಲಿ ಹೊಟ್ಟೆ ಕುಯ್ದು ತಂತಿ, ಮೊಳೆ, ಬುಟ್ಟಿಗಟ್ಟಲೆ ಪ್ಲಾಸ್ಟಿಕ್ ತೆಗೆದಿರೋ ಸರ್‌ಗಳು ನನಗೇ ಮೂರ್ನಾಲ್ಕು ಜನ ಗೊತ್ತು. ಇಲ್ಲಿನ ನಮ್ಮ ಅಂಕಾಲಜಿ (ಕ್ಯಾನ್ಸರ್ ವಿಭಾಗ) ರೆಸಿಡೆಂಟ್, ಕೂಡಿದಾಗ ನಾಯಿಯಿಂದ ನಾಯಿಗೆ ಹರಡೋ ಟಿವಿಟಿ ಗಡ್ಡೆನ ಸ್ಲೈಡಲ್ಲಿ ಮಾತ್ರ ನೋಡಿದಾಳೆ, ನಮ್ಮ ಬೀದಿ ನಾಯಿಗಳಲ್ಲಿ ಅದು ಎಷ್ಟು ಅಂತ ಹೇಳಿದ್ರೆ ಬಾಯಿ ಬಿಡ್ತಾಳೆ. ಎಮ್ಮೆ ಗರ್ಭಕೋಶ ತಿರುಚ್ಕೊಂಡಾಗ ಹೊಟ್ಟೆ ಮೇಲೆ ಹಲಗೆ ಇಟ್ಟು ಉರುಳಿಸೋ ಷಾಫರ್ ವಿಧಾನಕ್ಕೆ ಶರ್ಮಾ ಅವರ ಮಾರ್ಪಾಡು ಅಂತ ಪುಸ್ತಕದಲ್ಲಿ ಓದ್ತೀವಲ್ಲ, ಅದು ನಮ್ಮ ದೇಶದ ಕೊಟ್ಟಿಗೇಲಿ ಹುಟ್ಟಿದ್ದು. ಕೇಸೂ ಇದೆ, ಕೈಯೂ ಇದೆ.

ದುಡ್ಡು ಎಲ್ಲಿಂದ ಅಂತೀರ. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಆದ್ರೆ ಎಲ್ಲಾ ಕಾಲೇಜಲ್ಲೂ ಎಲ್ಲಾ ಡಿಪಾರ್ಟ್‌ಮೆಂಟಲ್ಲೂ ಒಂದೇ ಸಲ ಮಾಡಿ ಅಂತ ನಾನು ಕೇಳ್ತಿಲ್ಲ. ಮೆಡಿಸಿನ್, ಸರ್ಜರಿ, ಗೈನಕಾಲಜಿ, ಮೂರರಲ್ಲಿ ತಲಾ ಇಬ್ಬರು, ಒಂದೇ ಕಾಲೇಜು, ಒಂದು ಬ್ಯಾಚು. ಈಗಿರೋ ಎರಡು ವರ್ಷದ ಎಂವಿಎಸ್ಸಿ ಹಂಗೇ ಇರ್ಲಿ, ಇವರಿಗೆ ಮೂರನೇ ವರ್ಷ ಸೇರಿಸಿ, ಎಂಡಿ ರೆಸಿಡೆಂಟಿಗೆ ಕೊಡೋದ್ರಲ್ಲಿ ಅರ್ಧನಾದ್ರೂ ಸ್ಟೈಪೆಂಡ್ ಕೊಡಿ, ವರ್ಷಕ್ಕೆ ಮೂರು ತಿಂಗಳು ಜಿಲ್ಲಾ ಪಾಲಿಕ್ಲಿನಿಕ್‌ಗೆ ಕಳಿಸಿ, ಆಗ ಇಲಾಖೆಗೂ ಕೈ ಸಿಕ್ಕಂಗಾಯ್ತು. ಸಿನಾಪ್ಸಿಸ್‌ನ ಮೊದಲ ಸೆಮಿಸ್ಟರಲ್ಲೇ ಕೇಳ್ಬೇಡಿ, ಒಂದು ವರ್ಷ ಕೇಸು ನೋಡ್ಲಿ, ಪ್ರಶ್ನೆ ತಾನಾಗೇ ಬರುತ್ತೆ. ಮೂರು ವರ್ಷ ಆದ್ಮೇಲೆ ಹೊರಗಿನೋರನ್ನ ಕರೆಸಿ ಪರೀಕ್ಷೆ ಮಾಡಿಸಿ, ಥಿಯರಿ ಅಲ್ಲ, ಹಸು ಮುಂದೆ ನಿಲ್ಸಿ. ಯಾವ ಫೈಲ್ ಕೌನ್ಸಿಲ್‌ಗೆ ಹೋಗ್ಬೇಕು, ಯಾವುದು ಐಸಿಎಆರ್‌ಗೆ ಅಂತ ನೀವು ನೀವು ಕೂತು ಮಾತಾಡ್ಕೊಳ್ಳಿ, ಅದರಲ್ಲಿ ಹುಡುಗ್ರನ್ನ ಚೆಂಡು ಮಾಡ್ಬೇಡಿ.

ರೈತ ಸ್ಪೆಷಲಿಸ್ಟ್‌ಗೆ ದುಡ್ಡು ಕೊಡ್ತಾನಾ ಅನ್ನೋ ಮಾತೂ ಬರುತ್ತೆ. ಚಿಕ್ಕಪ್ಪ ಆ ಹದಿನೈದು ದಿನದಲ್ಲಿ ಟಾನಿಕ್‌ಗೆ ಕೊಟ್ಟಿದ್ದನ್ನ ಕೂಡಿಸಿ ನೋಡಿದ್ದೆ, ಹಸು ಮಾರಿ ಕಳ್ಕೊಂಡಿದ್ದನ್ನೂ ಕೂಡಿಸಿದೆ. ಅದರ ಮುಂದೆ ಆಪರೇಶನ್ ಖರ್ಚು ಏನೂ ಅಲ್ಲ.

ಕೊನೇದಾಗಿ ಒಂದು ವಿಷಯ. ಸುಮ್ನೆ ಪತ್ರ ಬರೆದ್ರೆ ಏನು ಬಂತು ಅಂತ ಹೋದ ತಿಂಗಳು ನಾನೇ ಒಂದು ಒಪ್ಪಿಗೆ ಪತ್ರ ಬರೆದೆ, ಒಂದೇ ಪುಟ, ಕನ್ನಡದಲ್ಲಿ. ರೈತರ ಹಸುನ ಅಧ್ಯಯನಕ್ಕೆ ಸೇರಿಸ್ಕೊಳ್ಳೋವಾಗ ಸಹಿ ಹಾಕಿಸೋದು, ಏನು ಮಾಡ್ತೀವಿ, ಎಷ್ಟು ಸಲ ರಕ್ತ ತಗೀತೀವಿ, ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬಿಡ್ಬಹುದು, ಬಿಟ್ರೂ ಚಿಕಿತ್ಸೆ ನಿಲ್ಲಲ್ಲ, ಇಷ್ಟೆಲ್ಲಾ ಇದೆ. ವಾಟ್ಸಾಪಲ್ಲಿ ಅಮ್ಮಂಗೆ ಕಳಿಸಿದೆ, ಅರ್ಥ ಆಗುತ್ತಾ ನೋಡು ಅಂತ. ಪಕ್ಕದ ಮನೆ ಹುಡುಗಿ ಹತ್ರ ಎರಡು ಸಲ ಓದಿಸ್ಕೊಂಡ್ಳಂತೆ. ರಾತ್ರಿ ಫೋನ್ ಮಾಡಿ, ‘ಎಲ್ಲಾ ಸರಿ ಕಣಪ್ಪ, ಹಸು ಹೋಗ್ಬಿಟ್ರೆ ಯಾರು ಕೊಡ್ತಾರೆ ಅನ್ನೋದು ಇದರಲ್ಲಿ ಎಲ್ಲೈತೆ?’ ಅಂದ್ಳು. ನಾನು ಬರೆದಿರ್ಲಿಲ್ಲ. ಅದಕ್ಕೆ ಅಂತ ಒಂದು ಸಾಲು ಖಾಲಿ ಬಿಟ್ಟಿದೀನಿ, ಅದನ್ನ ತುಂಬೋದು ನನ್ನ ಕೈಲಿಲ್ಲ, ನಿಮ್ಮ ಕೈಲಿದೆ. ಬರೋ ಡಿಸೆಂಬರ್‌ನಲ್ಲಿ ಊರಿಗೆ ಬರ್ತೀನಿ, ಕರೆದ್ರೆ ಬೀದರ್‌ಗಾದ್ರೂ ಸರಿ ದೆಹಲಿಗಾದ್ರೂ ಸರಿ, ಆ ಪುಟ ಹಿಡ್ಕೊಂಡು ಬರ್ತೀನಿ.

ಇಂತಿ,
ನಿಮ್ಮಲ್ಲೇ ಓದಿದ ಒಬ್ಬ ವೆಟರ್ನರಿ ಡಾಕ್ಟ್ರು